ನಾಲ್ಕು ಪದರದ ಕೌದಿ

ನರಗುಂದದ ಏರಿನಲ್ಲಿ, ಕಡಲೆ ಚೀಲ ಹೇರಿಕೊಂಡ ಟ್ರ್ಯಾಕ್ಟರೊಂದು ನನ್ನ ಹೊಸ ಕೆಂಪು ಸ್ಪೋರ್ಟ್ಸ್ ಕಾರನ್ನು ಹಿಂದಿಕ್ಕಿತು. ನಾನು ಎಕ್ಸಲರೇಟರ್ ಪೂರ್ತಿ ಒತ್ತಿದ್ದರೂ ಕಾರು ಹೋಳಿಗೆ ಉಂಡ ಬೀಗರಂತೆ ಸಾವಕಾಶ ಹೊರಟಿತ್ತು. ಟ್ರ್ಯಾಕ್ಟರಿನವನು ತಿರುಗಿ ನೋಡಿ, “ಸಾವಕಾರ್ರ, ಹಗ್ಗಾ ಕಟ್ಟಿ ಎಳೀಲೇನ್ರಿ?” ಎಂದ.

ಮಾನ ಹೋದ ಸಿಟ್ಟಿಗೆ ಶೋರೂಮಿನವರನ್ನು ಬಯ್ಯುತ್ತಲೇ, ಪರಿಚಯದ ಟ್ರ್ಯಾಕ್ಟರ್ ಮೇಸ್ತ್ರಿ ಮೌಲಾಸಾಬರ ಬಳಿಗೆ ಹೋದೆ. ಅವರು ಬಾನೆಟ್ ಮುಟ್ಟಲೇ ಇಲ್ಲ. ಬಾಗಿಲು ತೆರೆದು, ಎಕ್ಸಲರೇಟರ್ ಕೆಳಗೆ ಕೈ ಹಾಕಿ, ದಪ್ಪನೆಯ ಕೌದಿಯೊಂದನ್ನು ಎಳೆದು ತೆಗೆದರು. ಕಾರಿಗೆ ಎರೆಮಣ್ಣು ಹತ್ತಬಾರದೆಂದು ಅವ್ವ ಹಳೆಯ ಇಳಕಲ್ ಸೀರೆಗಳಿಂದ ಹೊಲಿದು ಹಾಸಿದ್ದ ಕೌದಿ ಅದು. ನಮ್ಮ ಮನೆಯಲ್ಲಿ ಹೊಸದೇನೇ ಬಂದರೂ ಅದಕ್ಕೊಂದು ಕೌದಿ ಆಗಲೇಬೇಕು.

“ಇಂಜಿನ್ ಕುದುರಿ ಇದ್ದಂಗ ಐತ್ರಿ,” ಎಂದರು ಮೌಲಾಸಾಬ್. “ಕೌದಿ ಅಡ್ಡ ಬಂದು ನಿಮ್ಮ ಕಾಲು ಅರ್ಧಕ್ಕ ನಿಂತೈತಿ.”

ಮನೆಗೆ ಬಂದವನೇ ಅವ್ವನ ಮುಂದೆ ಕೂಗಾಡಿದೆ. ಅವಳು ಹೊಲಿಗೆಯಿಂದ ತಲೆ ಎತ್ತದೆ, “ಮಣ್ಣಿಗೆ ಎರಡು ಪದರ ಸಾಕಿತ್ತಪಾ. ನಿನ್ನ ಕಾಲಿನ ಗುಣ ಗೊತ್ತಿದ್ದಕ್ಕ ನಾಕು ಹಾಕೀನಿ,” ಎಂದಳು.

ಆ ಕೌದಿ ಈಗ ಪಕ್ಕದ ಸೀಟಿನ ಮೇಲಿದೆ. ಎಕ್ಸಲರೇಟರ್ ಪೂರ್ತಿ ಕೆಳಗಿಳಿಯುತ್ತದೆ, ಕಾರು ಬಾಣದಂತೆ ಓಡಬಲ್ಲದು. ಆದರೆ ಕೌದಿ ಕಣ್ಣಿಗೆ ಬಿದ್ದಾಗಲೆಲ್ಲ ನನ್ನ ಕಾಲು ತಾನಾಗಿಯೇ ಹಗುರಾಗುತ್ತದೆ. ನಿನ್ನೆ ಅದೇ ಏರಿನಲ್ಲಿ ಅದೇ ಟ್ರ್ಯಾಕ್ಟರ್ ನನ್ನನ್ನು ಮತ್ತೆ ಹಿಂದಿಕ್ಕಿತು.