ಒಪ್ಪಂದದ ಆಲ್ಗೊಟ್

ನನ್ನ ಅಕ್ಕ ಸಿಗ್ನೆಯ ಗಂಡ ಆಲ್ಗೊಟ್‌ನನ್ನು ನಾನು ಐವತ್ತು ವರ್ಷ ಸಹಿಸಿಕೊಂಡಿದ್ದೇನೆ. ಅಕ್ಕ ಇರುವವರೆಗೆ ಅವಳ ಮುಖ ನೋಡಿ ಬಾಯಿ ಮುಚ್ಚಿಕೊಂಡಿದ್ದೆ. ಈಗ ಆ ಹಂಗಿಲ್ಲ.

ಫಿನ್ಲೆಂಡಿಗೆ ಸೇರಿದ್ದರೂ ನಮ್ಮ ಓಲಂಡ್ ದ್ವೀಪಗಳಲ್ಲಿ ಸೈನ್ಯ ಇಲ್ಲ. ೧೮೫೬ರಲ್ಲಿ ಪ್ಯಾರಿಸ್‌ನಲ್ಲಿ ಸೇರಿದ ದೊಡ್ಡ ದೇಶಗಳವರು ಇಲ್ಲಿ ಕೋಟೆ ಕಟ್ಟಕೂಡದು, ಸೇನಾ ನೆಲೆ ಇಡಕೂಡದು ಎಂದು ಒಪ್ಪಂದ ಬರೆದರು. ಆಮೇಲಿನವರೂ ಅದನ್ನೇ ತಿರುತಿರುಗಿ ಬರೆದರು. ನಮ್ಮ ಗಂಡುಮಕ್ಕಳಿಗೆ ಕಡ್ಡಾಯ ಸೈನ್ಯಸೇವೆಯೂ ಇಲ್ಲ. ಇದು ನಮಗೆಲ್ಲ ಹೆಮ್ಮೆಯೇ. ಆಲ್ಗೊಟ್ ಮಾತ್ರ ಆ ಒಪ್ಪಂದಕ್ಕೆ ತಾನೇ ಪೊಲೀಸ್ ಎಂದುಕೊಂಡ. ಪರದೇಶದ ಹಡಗುಗಳಿಗೆ ಬಂಡೆಗಳ ನಡುವೆ ದಾರಿ ತೋರಿಸುವುದು ಅವನ ಕೆಲಸ. ಬೂದುಬಣ್ಣದ ಯುದ್ಧನೌಕೆ ಕಂಡರೆ ಸಾಕು, ಸರ್ಕಾರಕ್ಕೊಂದು ದೂರು ಹೋಗುತ್ತಿತ್ತು. ಊರಿನವರು 'ಒಪ್ಪಂದದ ಆಲ್ಗೊಟ್' ಎಂದು ಆಡಿಕೊಂಡರೆ ಅದನ್ನು ಬಿರುದೆಂದು ಉಬ್ಬುತ್ತಿದ್ದ.

ಅವನ ದೊಡ್ಡಪ್ಪ ಕೆಲಸಕ್ಕೆಂದು ಆಚೆ ದಡಕ್ಕೆ, ಫಿನ್ಲೆಂಡಿನ ಮುಖ್ಯ ನೆಲಕ್ಕೆ, ಹೋಗಿ ನೆಲೆಸಿದವನು. ಎರಡನೇ ಮಹಾಯುದ್ಧಕ್ಕೆ ಅವನನ್ನು ಎಳೆದುಕೊಂಡು ಹೋದರು, ಹೆಣವೂ ಸಿಗಲಿಲ್ಲ. ಆ ನೋವು ಸುಳ್ಳಲ್ಲ. ಆದರೆ ನೋವಿದೆಯೆಂದು ಮನೆಯವರನ್ನೆಲ್ಲ ಕಚ್ಚುತ್ತಾ ಕೂರುವುದೇ?

ಅಕ್ಕ-ಭಾವನ ಮೊಮ್ಮಗಳು ಲೋವಿಸಾಳಿಗೆ ನಾಲ್ಕು ವರ್ಷವಿದ್ದಾಗ ತಾಯಿ ತೀರಿಕೊಂಡಳು. ಸಾಕಿದವಳು ಸಿಗ್ನೆ. ಹೋದ ವರ್ಷ ಏಪ್ರಿಲ್‌ನಲ್ಲಿ ಫಿನ್ಲೆಂಡ್ ನ್ಯಾಟೋ ಸೇರಿತು. ಜುಲೈಯಲ್ಲಿ ಲೋವಿಸಾ, ಯಾರೂ ಕರೆಯದೆ, ತಾನೇ ಹೋಗಿ ಸೈನ್ಯಕ್ಕೆ ಸೇರುತ್ತೇನೆಂದು ಊಟದ ಮೇಜಿನಲ್ಲೇ ಹೇಳಿದಳು. ಆಲ್ಗೊಟ್ ಮೀನಿನ ಸಾರಿನ ತಟ್ಟೆಯನ್ನು ದೂರ ತಳ್ಳಿದ.

"ನಮ್ಮನ್ನ ಕಾಯೋಕೆ ಒಪ್ಪಂದ ಇದೆ ಕಣೇ!"

"ಅದಕ್ಕೆ ಸಹಿ ಹಾಕಿದ ನಮ್ಮ ಪಕ್ಕದವರೇ ತಮ್ಮ ಇನ್ನೊಂದು ಪಕ್ಕದ ದೇಶಕ್ಕೆ ನುಗ್ಗಿದಾರಲ್ಲ ಅಜ್ಜ. ನಾಳೆ ಇಲ್ಲಿಗೆ ಬಂದ್ರೆ ನಿಮ್ಮ ಕಾಗದ ಹಿಡ್ಕೊಂಡು ನಿಲ್ತೀರಾ?"

"ಆ ಬಟ್ಟೆ ಹಾಕ್ಕೊಂಡು ಈ ದ್ವೀಪಕ್ಕೆ ಕಾಲಿಟ್ಟರೆ ನೀನು ನನ್ನ ಮೊಮ್ಮಗಳೇ ಅಲ್ಲ."

ಅಕ್ಟೋಬರ್‌ನಲ್ಲಿ ಸಿಗ್ನೆ ಪಟ್ಟಣದ ಆಸ್ಪತ್ರೆಯಲ್ಲಿ ಹೋಗಿಬಿಟ್ಟಳು. ಕೊನೆಗೆ ನನ್ನ, ಆಲ್ಗೊಟ್‌ನ ಕೈ ಹಿಡಿದು ಒಂದೇ ಮಾತು ಹೇಳಿದ್ದಳು: "ಹೊರುವಾಗ ನನ್ನ ತಲೆಯ ಕಡೆ ಲೋವಿಸಾ ಹಿಡೀಲಿ." ಆಲ್ಗೊಟ್ ತಲೆಯಾಡಿಸಿದ್ದ. ನಾನೇ ಕಣ್ಣಾರೆ ನೋಡಿದ್ದೇನೆ.

ಮಣ್ಣು ಮಾಡುವ ದಿನ ಬೆಳಿಗ್ಗೆ, ನಮ್ಮ ಪದ್ಧತಿಯಂತೆ, ದೋಣಿಕಟ್ಟೆಯಿಂದ ಚರ್ಚಿನವರೆಗೆ ಸ್ಪ್ರೂಸ್ ಮರದ ರೆಂಬೆಗಳನ್ನು ಹಾಸಿದ್ದೆವು. ಪಟ್ಟಣದಿಂದ ದೋಣಿ ಬಂತು. ಶವಪೆಟ್ಟಿಗೆಯ ಪಕ್ಕದಲ್ಲಿ ಲೋವಿಸಾ ನಿಂತಿದ್ದಳು, ಸೈನ್ಯದ ಬಟ್ಟೆಯಲ್ಲಿ. ಕಾಡಿನಲ್ಲಿ ನಡೆಯುತ್ತಿದ್ದ ಕವಾಯತಿನಿಂದ ನೇರವಾಗಿ ಹಡಗು ಹತ್ತಿದವಳು. ಕೈಯಲ್ಲಿ ಒಂದು ಚೀಲವೂ ಇರಲಿಲ್ಲ.

ಪೆಟ್ಟಿಗೆಯನ್ನು ಕಟ್ಟೆಗೆ ಇಳಿಸಿದರು. ಅವಳು ಇಳಿಯಲು ಕಾಲೆತ್ತಿದಳು, ಆಲ್ಗೊಟ್ ಅಡ್ಡ ನಿಂತ.

"ಸೈನಿಕರು ಇಲ್ಲಿ ಇಳಿಯೋ ಹಾಗಿಲ್ಲ."

ನನಗೆ ಮೈಯೆಲ್ಲ ಉರಿದುಹೋಯಿತು. "ಭಾವ, ಒಪ್ಪಂದ ನಿಮಗೆ ಬಾಯಿಪಾಠ ಅಲ್ವಾ? ಹುಡುಗಿ ಅಂಗಿ ವಿಷಯ ಅದರಲ್ಲಿ ಎಲ್ಲಿದೆ, ಹೇಳಿ ನೋಡೋಣ! ಕೋಟೆ ಅಂತಿದೆ, ನೆಲೆ ಅಂತಿದೆ. ಇವಳು ಕೋಟೇನಾ?"

"ಬೀರ್ಗಿಟ್, ನೀನು ಸುಮ್ನಿರು."

"ಐವತ್ತು ವರ್ಷ ಸುಮ್ನಿದ್ದೆ!"

ಪಾದ್ರಿ ಕೈಗಡಿಯಾರ ನೋಡಿಕೊಂಡರು. ಹೊರಬೇಕಾದ ಐವರು ಗಂಡಸರು ಒಬ್ಬೊಬ್ಬರು ಒಂದೊಂದು ಕಡೆ ಮುಖ ತಿರುಗಿಸಿದರು. ಆಲ್ಗೊಟ್ ಕದಲಲಿಲ್ಲ. ಹೆಂಡತಿಯ ಹೆಣ ಎದುರಿಗಿಟ್ಟುಕೊಂಡು ಹಠ ಮಾಡುವವನನ್ನು ಅವತ್ತೇ ನೋಡಿದ್ದು.

ಲೋವಿಸಾ ಮೇಲಂಗಿ ಬಿಚ್ಚಿ ದೋಣಿಯ ಹಲಗೆಯ ಮೇಲೆ ಮಡಿಸಿಟ್ಟಳು. ಆಮೇಲೆ ಬೂಟು, ಆಮೇಲೆ ಪ್ಯಾಂಟು. ಒಳಗೆ ಉಣ್ಣೆಯ ಬನಿಯನ್, ಉದ್ದನೆಯ ಒಳಚಡ್ಡಿ, ಎರಡೂ ಹಸಿರು. ಸಮುದ್ರದ ಕಡೆಯಿಂದ ಕೊರೆಯುವ ಗಾಳಿ. ನಾನು ಶಾಲು ಹಿಡಿದು ಓಡಿದೆ.

"ಬೇಡ ಚಿಕ್ಕಜ್ಜಿ." ಅವಳು ಅಜ್ಜನನ್ನೇ ನೋಡುತ್ತಿದ್ದಳು. "ಇವೂ ಸೈನ್ಯದವರೇ ಕೊಟ್ಟಿದ್ದು ಅಜ್ಜ. ಇವನ್ನೂ ಬಿಚ್ಚಲಾ?"

ಇಡೀ ಊರು ಅಲ್ಲಿತ್ತು. ಆಲ್ಗೊಟ್ ಸುತ್ತ ನಿಂತವರನ್ನು ನೋಡಿದ. ಒಂದು ಹೆಜ್ಜೆ ಪಕ್ಕಕ್ಕೆ ಸರಿದ.

ಅವಳು ಬರಿಗಾಲಲ್ಲಿ ಇಳಿದು ಸಿಗ್ನೆಯ ತಲೆಯ ಕಡೆ ಹಿಡಿದಳು. ಸ್ಪ್ರೂಸ್ ಎಲೆ ಸೂಜಿಯ ಹಾಗೆ ಚುಚ್ಚುತ್ತದೆ. ಚರ್ಚಿನ ಏರಿನಲ್ಲಿ ಅವಳ ಕಾಲಿಂದ ರಕ್ತ ಬರುವುದನ್ನು ಹಿಂದಿದ್ದ ನಾನು ಕಂಡೆ. ನನ್ನ ಹಿಂದೆ ಆಲ್ಗೊಟ್ ಇದ್ದ. ಅವನೂ ಕಂಡಿರಲೇಬೇಕು.

ಗುಂಡಿಗೆ ಮಣ್ಣು ಬಿದ್ದ ಮೇಲೆ ಅವನು ತನ್ನ ಕಪ್ಪು ಕೋಟು ತೆಗೆದು ಅವಳ ಮುಂದೆ ಹಿಡಿದ. "ಹಾಕ್ಕೋ ಮಗಾ. ಚಳಿ ಇದೆ."

"ನಾನು ನಿಮ್ಮ ಮೊಮ್ಮಗಳಲ್ಲ ಅಂದಿದ್ರಿ. ಅಜ್ಜಿಗೋಸ್ಕರ ಬಂದಿದ್ದೆ, ಅಜ್ಜಿ ಕೆಲಸ ಆಯ್ತು." ಅವಳು ದೋಣಿಕಟ್ಟೆಯ ಕಡೆ ಹೊರಟಳು. ಬಟ್ಟೆ ಹಾಕಿಕೊಂಡು ಅದೇ ದೋಣಿಯಲ್ಲಿ ವಾಪಸು ಹೋದಳು.

ಆಲ್ಗೊಟ್ ಕೋಟನ್ನು ಹಾಗೇ ಮುಂದೆ ಹಿಡಿದುಕೊಂಡು ನಿಂತಿದ್ದ. ಹಾಕಿಕೊಳ್ಳಿ ಭಾವ, ಶೀತವಾಗುತ್ತದೆ ಎಂದು ನಾನು ಹೇಳಬಹುದಿತ್ತು. ಹೇಳಲಿಲ್ಲ.