ತರಕಾರಿ ಗಾಡಿಯ ಹೆಡ್‌ಲೈಟು

ಗಾಡಿಗಳ ವೈರಿಂಗ್ ಮಾಡುವವರಿಗೆಲ್ಲ ಒಂದು ಚಾಳಿ ಇದೆ. ಬಾನೆಟ್ ಎತ್ತಿದ ಕೂಡಲೇ ಅವರು ಸ್ಪ್ಯಾನರ್ ಹಿಡಿಯುವುದಿಲ್ಲ, ಹಿಂದೆ ಕೆಲಸ ಮಾಡಿದವನನ್ನು ಬೈಯುತ್ತಾರೆ. "ಯಾವ ಪುಣ್ಯಾತ್ಮ ಮಾಡಿದ್ದಪ್ಪಾ ಇದು!" ಎಂದು ತಲೆ ಕೊಡವಿದರೆ ಸಾಕು, ಗಿರಾಕಿಗೆ ಇವನೇ ಸರಿಯಾದ ಆಸಾಮಿ ಅನ್ನಿಸಿಬಿಡುತ್ತದೆ. ಕುಚಿನಾರಾಯ್ ಪೇಟೆಯ ಹೊರಗೆ, ಕಬ್ಬಿನ ಲಾರಿಗಳು ಓಡಾಡುವ ರಸ್ತೆಯ ಪಕ್ಕ ಅಂಗಡಿ ಇಟ್ಟಿದ್ದ ಉದೋಮ್ ಈ ವಿದ್ಯೆಯಲ್ಲಿ ಎತ್ತಿದ ಕೈ. ಕೆಲಸವೂ ಗೊತ್ತಿತ್ತು, ಇಲ್ಲವೆನ್ನಲಾಗದು. ಆದರೆ ಬಾಯಿ ಕೆಲಸಕ್ಕಿಂತ ಮುಂದಿತ್ತು.

ಅವನಿಗೆ ಕಸುಬು ಕಲಿಸಿದವನು ಸಮ್ರಿತ್. ಮೂರು ಮೈಲಿ ಆಚೆಯ ಹಳ್ಳಿಯಲ್ಲಿ, ಕಂಬಗಳ ಮೇಲೆ ನಿಂತ ತನ್ನ ಮನೆಯ ಕೆಳಗೇ ಗಾಡಿ ನಿಲ್ಲಿಸಿಕೊಂಡು ದುರಸ್ತಿ ಮಾಡುತ್ತಿದ್ದ ಮುದುಕ. ಉದೋಮ್ ಹತ್ತೊಂಬತ್ತನೆಯ ವಯಸ್ಸಿಗೆ ಅವನ ಬಳಿ ಸೇರಿ ಮೂರು ವರ್ಷ ಅನ್ನ ತಿಂದಿದ್ದ. ವೈರಿನ ಎರಡು ತುದಿಗಳನ್ನು ಬರೀ ಹೊಸೆದು ಟೇಪು ಸುತ್ತಿದರೆ ಸಮ್ರಿತ್ ಸುಮ್ಮನಿರುತ್ತಿರಲಿಲ್ಲ, ಇಕ್ಕಳದಲ್ಲೇ ಬೆರಳ ಗಂಟಿಗೆ ಕುಟ್ಟುತ್ತಿದ್ದ. ಬೆಸುಗೆ ಹಾಕದ ಜೋಡಣೆ ಜೋಡಣೆಯೇ ಅಲ್ಲ ಎನ್ನುವುದು ಅವನ ಮಾತು. ಆ ಕಾಟ ತಾಳಲಾರದೆಯೇ ಉದೋಮ್ ಬೇಗ ಸ್ವಂತ ಅಂಗಡಿ ತೆರೆದದ್ದು ಎಂದು ನಮ್ಮಲ್ಲಿ ಹೇಳುವುದುಂಟು. ಈಗ ಅವನಿಗೆ ನಲವತ್ತು ದಾಟಿತ್ತು. ಗಾಜಿನ ಕಪಾಟಿನಲ್ಲಿ ಎಲ್‌ಇಡಿ ಬಲ್ಬುಗಳನ್ನು ಸಾಲಾಗಿ ಜೋಡಿಸಿಟ್ಟು, ಗುರುವಿಗಿಂತ ನಾಲ್ಕು ಪಟ್ಟು ಗಿರಾಕಿಗಳನ್ನು ನೋಡುತ್ತಿದ್ದ.

ಫೆಬ್ರವರಿಯ ಒಂದು ಬೆಳಿಗ್ಗೆ ಬುಪ್ಪಾ ತನ್ನ ಬಿಳಿ ಪಿಕಪ್ಪನ್ನು ತಂದು ಅಂಗಡಿಯ ಮುಂದೆ ನಿಲ್ಲಿಸಿದಳು. ಗಾಡಿಯ ಹಿಂಭಾಗದ ಸುತ್ತ ಕಂಬಿ ಕಟ್ಟಿ, ಸೊಪ್ಪು, ಮೆಣಸಿನಕಾಯಿ, ಮೀನು, ಕೆಂಪಿರುವೆ ಮೊಟ್ಟೆ ಎಲ್ಲವನ್ನೂ ಪೊಟ್ಟಣ ಪೊಟ್ಟಣವಾಗಿ ನೇತುಹಾಕಿಕೊಂಡು ದಿನಕ್ಕೆ ಹನ್ನೊಂದು ಹಳ್ಳಿ ಸುತ್ತುವ ಹೆಂಗಸು ಅವಳು.

"ತಮ್ಮಾ, ಈ ದೀಪಕ್ಕೆ ಏನಾದ್ರೂ ಮಾಡು. ಬೆಳಗಾಗೋ ಮುಂಚೆ ಮಂಡಿಗೆ ಹೋಗ್ಬೇಕು, ಇದು ನೋಡಿದ್ರೆ ಮಿಂಚುಹುಳ. ಮೊನ್ನೆ ಎದುರಿಗೆ ಎಮ್ಮೆ ಇದೆ ಅಂತ ಗೊತ್ತಾಗಿದ್ದು ಅದು ಬಾನೆಟ್ ಮೂಸಿದ್ಮೇಲೆ!"

ಉದೋಮ್ ನಕ್ಕು ಬಾನೆಟ್ ಎತ್ತಿದ. ಗಾಡಿ ನಿಂತಲ್ಲೇ ವ್ಯಾಪಾರವೂ ಶುರುವಾಗಿ, ಅಕ್ಕಪಕ್ಕದ ಮನೆಗಳ ಹತ್ತು ಹನ್ನೆರಡು ಹೆಂಗಸರು ಪೊಟ್ಟಣ ಕೀಳುತ್ತ ಸುತ್ತ ನಿಂತಿದ್ದರು. ಕೇಳುವವರು ಇದ್ದರೆ ಉದೋಮನ ನಾಲಿಗೆಗೆ ರೆಕ್ಕೆ ಬರುತ್ತದೆ. ಅವನು ಬಲಗಡೆಯ ಹೋಲ್ಡರನ್ನು ಕಿತ್ತು ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿದ. ಅದು ಕರಗಿ ಕರಕಲಾಗಿತ್ತು.

"ಅಯ್ಯಯ್ಯೋ, ನೋಡಿ ಅಕ್ಕ! ನೂರು ವ್ಯಾಟಿನ ಬಲ್ಬು ಹಾಕಿ, ಕರೆಂಟಿನ ಹೊರೆ ಹೊರೋ ರಿಲೇ ಇಲ್ದೆ ಸೀದಾ ಸ್ವಿಚ್ಚಿಂದ ಎಳೆದಿದ್ದಾನೆ. ದಾರದಂಥ ವೈರು. ಹೊಸೆದು ಟೇಪು ಸುತ್ತಿದ್ದಾನೆ, ಅರ್ತಿಂಗ್ ತಗೊಂಡ್ಹೋಗಿ ಪೇಂಟಿನ ಮೇಲೇ ಕೊಟ್ಟಿದ್ದಾನೆ. ಗಾಡಿ ಹೊತ್ತಿ ಉರೀದೇ ಇದ್ದಿದ್ದು ನಿಮ್ಮ ಪುಣ್ಯ. ಯಾರು ಮಾಡಿದ್ದು?"

"ಯಾರೋ ಏನೋ. ನಾನು ತಗೊಂಡಿದ್ದೇ ಸೆಕೆಂಡ್ ಹ್ಯಾಂಡು. ಹೋದ ವರ್ಷ ಹಾರ್ನ್ ಕೆಟ್ಟಾಗ ಸಮ್ರಿತ್ ದೊಡ್ಡಪ್ಪನ ಹತ್ರ ಬಿಟ್ಟಿದ್ದೆ ಅಷ್ಟೇ."

ಅಷ್ಟೇ ಸಾಕಾಯಿತು ಅವನಿಗೆ.

"ಹಾಗ್ ಹೇಳಿ ಮತ್ತೆ! ಪಾಪ, ದೊಡ್ಡಪ್ಪನಿಗೂ ಎಪ್ಪತ್ತಮೂರಾಯ್ತು. ಕಣ್ಣು ಮಂಜು, ಕೈ ನಡುಕ. ಕೆಂಪು ವೈರ್ ಯಾವ್ದು ಕರೀ ವೈರ್ ಯಾವ್ದು ಅಂತ ಮೂಸಿ ನೋಡ್ತಾರೋ ಏನೋ! ಇನ್ಮೇಲೆ ಗಾಡೀನ ಅವರ ಹತ್ರ ಬಿಡೋ ಬದಲು ಎಮ್ಮೆ ಹತ್ರ ಬಿಡಿ."

"ಎಮ್ಮೆ ಆದ್ರೆ ಕೂಲೀನೂ ಕೇಳಲ್ಲ, ಹುಲ್ಲು ಹಾಕಿದ್ರೆ ಸಾಕು!" ಎಂದಳು ಒಬ್ಬಳು. ಹೆಂಗಸರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ನಮ್ಮಲ್ಲಿ ಮನುಷ್ಯನನ್ನು ಎಮ್ಮೆ ಎನ್ನುವುದಕ್ಕಿಂತ ಕೀಳು ಬೈಗುಳವಿಲ್ಲ. ಅದು ಗೊತ್ತಿದ್ದೂ ನಕ್ಕರು, ಗೊತ್ತಿದ್ದೂ ಉದೋಮ್ ಅಂದಿದ್ದ.

ಮಧ್ಯಾಹ್ನದ ಹೊತ್ತಿಗೆ ಎಲ್ಲರೂ ಚದುರಿದರು. ಬುಪ್ಪಾ ಬಿದಿರ ಮಂಚದ ಮೇಲೆ ಕಾಲು ಚಾಚಿದಳು. ಉದೋಮ್ ಸ್ಟೇರಿಂಗಿನ ಕೆಳಗಿನ ಮುಚ್ಚಳ ಬಿಚ್ಚಿ, ಮಲಗಿಕೊಂಡೇ ಹಳೆಯ ವೈರುಗಳನ್ನು ಎಳೆಯತೊಡಗಿದ. ಮೊದಲು ಸಿಕ್ಕಿದ್ದು ಹಾರ್ನಿನ ವೈರು. ಅದರ ಬೆಸುಗೆ ಇನ್ನೂ ಮಿರಮಿರ ಎನ್ನುತ್ತಿತ್ತು, ಮೇಲೆ ಕೊಳವೆ ಏರಿಸಿ ಅಂದವಾಗಿ ಕಟ್ಟಿತ್ತು. ಮುದುಕನ ಕೈ ಎಲ್ಲಿಯೂ ನಡುಗಿರಲಿಲ್ಲ. ಉದೋಮ್ ಅದನ್ನು ಎರಡೆರಡು ಸಲ ತಿರುಗಿಸಿ ನೋಡಿದ. ಇನ್ನೂ ಒಳಗೆ ಕೈ ಹಾಕಿ ಹೆಡ್‌ಲೈಟಿನ ವೈರನ್ನು ಎಳೆದ. ಅದರ ಟೇಪು ಬಿಚ್ಚಿಕೊಂಡಿತು. ಒಳಗೆ, ಗಾಯಕ್ಕೆ ಹಾಕುವ ಬಟ್ಟೆ ಪ್ಲಾಸ್ಟರಿನ ಎರಡು ತುಂಡುಗಳಿದ್ದವು. ದೀಪದ ಎರಡು ಬೆಳಕಿಗೆ ಗುರುತಾಗಿ ಒಂದರಲ್ಲಿ 'ಮೇಲೆ', ಇನ್ನೊಂದರಲ್ಲಿ 'ಕೆಳಗೆ' ಎಂದು ನೀಲಿ ಪೆನ್ನಿನಲ್ಲಿ ಬರೆದಿತ್ತು. ಅಕ್ಷರಗಳು ಎಡಕ್ಕೆ ವಾಲಿದ್ದವು.

ಆ ಅಕ್ಷರ ಉದೋಮನದು.

ಅಂಗಡಿ ಇಟ್ಟ ಹೊಸತರಲ್ಲಿ ಅವನು ವೈರಿಗೆ ಗುರುತು ಹಾಕುತ್ತಿದ್ದುದೇ ಹಾಗೆ. ಮರಗೆಣಸಿನ ವ್ಯಾಪಾರಿಯೊಬ್ಬನ ನೀಲಿ ಪಿಕಪ್ಪು ನೆನಪಾಯಿತು. ರಿಲೇ ಇರಲಿಲ್ಲ, ತರಿಸಲು ಸೋಮಾರಿತನ. "ಅದೆಲ್ಲ ಯಾಕಣ್ಣ, ನಾನು ಮಾಡ್ತೀನಿ ಬಿಡಿ" ಎಂದು ಒಂದೇ ಗಂಟೆಯಲ್ಲಿ ಮುಗಿಸಿ ಕಳಿಸಿದ್ದ. ಎದ್ದು, ಬುಪ್ಪಾಳ ಗಾಡಿಯ ಬಾಗಿಲಿನ ಸಂದಿಯಲ್ಲಿ ಉಗುರಿನಿಂದ ಬಿಳಿ ಬಣ್ಣ ಕೆರೆದ. ಕೆಳಗೆ ನೀಲಿ ಇತ್ತು.

"ಏನಾಯ್ತೋ?" ಮಂಚದಿಂದ ಬುಪ್ಪಾ ಒಂದು ಕಣ್ಣು ತೆರೆದಳು.

"ಏನಿಲ್ಲ ಅಕ್ಕ, ಕಸ" ಎಂದ ಉದೋಮ್. ಪ್ಲಾಸ್ಟರಿನ ತುಂಡುಗಳನ್ನು ಮುದುಡಿ ಚರಂಡಿಗೆ ಎಸೆದ.

ಆಮೇಲೆ ಮಾಡಿದ ಕೆಲಸವಿದೆಯಲ್ಲ, ಅಂಥದನ್ನು ಅವನು ಜನ್ಮದಲ್ಲಿ ಮಾಡಿರಲಿಲ್ಲ. ಬ್ಯಾಟರಿಯಿಂದ ದಪ್ಪ ವೈರು ಎಳೆದು, ಫ್ಯೂಸ್ ಹಾಕಿ, ಎರಡು ರಿಲೇ ಕೂರಿಸಿದ. ಪೇಂಟ್ ಕೆರೆದು ಬರಿಯ ಕಬ್ಬಿಣಕ್ಕೆ ಅರ್ತಿಂಗ್ ಕೊಟ್ಟ. ಒಂದೊಂದು ಜೋಡಣೆಗೂ ಬೆಸುಗೆ ಹಾಕಿದ. ಹೊಸ ಎಲ್‌ಇಡಿ ಕೂರಿಸಿ, ಎದುರು ಬರುವವರ ಕಣ್ಣಿಗೆ ಹೊಡೆಯದ ಹಾಗೆ ಗೋಡೆಗೆ ಸೀಮೆಸುಣ್ಣದ ಗೆರೆ ಎಳೆದು ಬೆಳಕನ್ನು ತಗ್ಗಿಸಿದ. ಸಂಜೆ ಬುಪ್ಪಾ ಸ್ವಿಚ್ ಒತ್ತಿದಾಗ ಗೋಡೆಯ ಮೇಲೆ ಹಗಲಾಯಿತು.

"ಅಬ್ಬಬ್ಬಾ! ಗುರೂನ ಮೀರಿಸ್ಬಿಟ್ಟೆ ಬಿಡಪ್ಪಾ ನೀನು" ಎಂದಳು ಅವಳು. ಉದೋಮ್ ಹಲ್ಲು ಕಿರಿದ. ಹೇಳಬೇಕೆಂದಿದ್ದರೆ ಆಗಲೇ ಹೇಳಬಹುದಿತ್ತು.

ಹನ್ನೊಂದು ಹಳ್ಳಿ ಸುತ್ತುವ ಗಾಡಿ. ತರಕಾರಿಗೆ ಕಾಸು, ಮಾತು ಪುಕ್ಕಟೆ. ಎಮ್ಮೆಯ ಮಾತು ಒಂದು ವಾರದಲ್ಲಿ ಸಮ್ರಿತನ ಮನೆಯ ಮೆಟ್ಟಿಲು ಹತ್ತಿತು.

ಹತ್ತನೆಯ ದಿನ ಮುದುಕನೇ ಸೈಕಲ್ ತುಳಿದುಕೊಂಡು ಉದೋಮನ ಅಂಗಡಿಗೆ ಬಂದ. ಬಿದಿರ ಬುಟ್ಟಿಯಲ್ಲಿ ಬಿಸಿ ಅಂಟನ್ನ, ಬಟ್ಟೆಯಲ್ಲಿ ಸುತ್ತಿದ ಬೆಸುಗೆ ಕಡ್ಡಿ, ಟೆಸ್ಟ್ ಲ್ಯಾಂಪ್. ಜಗಳಕ್ಕೇ ಬಂದ ಎಂದುಕೊಂಡ ಉದೋಮ್. ಜಗಳಕ್ಕಾದರೂ ಬಂದಿದ್ದರೆ ಎಷ್ಟೋ ಚೆನ್ನಾಗಿತ್ತು.

"ಮೂರು ದಿನ ಕೂತು ಯೋಚ್ನೆ ಮಾಡ್ದೆ ಕಣೋ" ಎಂದ ಸಮ್ರಿತ್. "ಹಾರ್ನ್ ಮಾಡಿದ್ದು ನೆನಪಿದೆ. ಹೆಡ್‌ಲೈಟ್ ಮುಟ್ಟಿದ್ದು ನೆನಪೇ ಇಲ್ಲ. ಆದ್ರೆ ನೀನು ಕಣ್ಣಾರೆ ನೋಡಿದೀಯ, ಸುಳ್ಳು ಯಾಕೆ ಹೇಳ್ತೀಯ? ಮರೆವು ಶುರುವಾಯ್ತು ನಂಗೆ. ನಮ್ಮಮ್ಮನಿಗೂ ಹೀಗೇ ಶುರುವಾಗಿ, ಕೊನೆಗೆ ನನ್ನನ್ನೇ ಯಾರು ಅಂತಿದ್ಳು. ಒಂದು ಗಾಡಿ ಸುಟ್ಟು ಬೂದಿಯಾಗ್ತಿತ್ತಲ್ಲೋ ನನ್ನಿಂದ! ಬುಪ್ಪಾಗೆ ನೀನೇ ಒಂದು ಮಾತು ಹೇಳು, ತಪ್ಪಾಯ್ತು ಅಂದ ಅಂತ. ಇವು ನಿನ್ನ ಹತ್ರ ಇರ್ಲಿ, ನಾನು ಇನ್ನು ಮುಟ್ಟಲ್ಲ."

ಇಬ್ಬರು ಗಿರಾಕಿಗಳು ಅಲ್ಲೇ ಕೂತಿದ್ದರು. ಉದೋಮನ ಬಾಯಿ ತೆರೆದುಕೊಂಡಿತು. ಅದರಿಂದ ಬಂದದ್ದು ಇಷ್ಟು: "ಇರ್ಲಿ ಬಿಡಿ ದೊಡ್ಡಪ್ಪ. ವಯಸ್ಸಾದ್ಮೇಲೆ ಯಾರಿಗಾದ್ರೂ ಆಗುತ್ತೆ."

ಥೂ! ಎಂಥ ಬಾಯಿ ಅದು! ಅಷ್ಟು ಹೇಳಿ, ಗುರುವಿನ ಸಾಮಾನನ್ನು ಎರಡೂ ಕೈಯೊಡ್ಡಿ ತೆಗೆದುಕೊಂಡ. ತನಗೆಂದು ತಂದಿದ್ದ ಅಂಟನ್ನವನ್ನು ನಾಯಿಗೆ ಹಾಕಿದ. ನಾಯಿ ತಿನ್ನುವುದನ್ನೂ ನಿಂತು ನೋಡಲಾಗಲಿಲ್ಲ.

ಮಾರ್ಚ್ ಕಳೆಯಿತು. ಸಮ್ರಿತ್ ಮನೆಯ ಕೆಳಗಿನ ಗಾಡಿಗಳನ್ನೆಲ್ಲ ವಾಪಸ್ ಕಳಿಸಿದನೆಂದು ಸುದ್ದಿ ಬಂತು. ಸುದ್ದಿ ತಂದವಳು ಬುಪ್ಪಾಳೇ. "ದಾರಿ ತಪ್ಪಿಸ್ಕೊಂಡಾರು ಅಂತ ದೊಡ್ಡಪ್ಪನ ಕೊರಳಿಗೆ ದೊಡ್ಡಮ್ಮ ಫೋನ್ ನಂಬರಿನ ಚೀಟಿ ಕಟ್ಟಿದಾರಂತೆ ಕಣೋ. ಪಾಪ, ಎಂಥಾ ಮನುಷ್ಯ ಹೇಗಾಗೋದ್ರು!" ಅಂದು ರಾತ್ರಿಯಿಡೀ ಉದೋಮ್ ಮಗ್ಗಲು ಬದಲಾಯಿಸಿದ. ಬೆಳಿಗ್ಗೆ ಹೋಗಿ ಹೇಳಿಬಿಡುತ್ತೇನೆ ಎಂದುಕೊಂಡ. ಬೆಳಿಗ್ಗೆ ಗಿರಾಕಿ ಬಂದ. ನಾಚಿಕೆ ಒಂದು ದಿನ ಹಳಸಿದರೆ ಎರಡು ದಿನದ ಭಾರವಾಗುತ್ತದೆ.

ಏಪ್ರಿಲ್‌ನಲ್ಲಿ ಹೊಸವರ್ಷದ ಸೊಂಗ್‌ಕ್ರಾನ್ ಬಂತು. ಸಮ್ರಿತನ ಹಳ್ಳಿಯ ಬೌದ್ಧ ವಿಹಾರದ ಅಂಗಳದಲ್ಲಿ ಹಿರಿಯರನ್ನೆಲ್ಲ ಸಾಲಾಗಿ ಕುರ್ಚಿಗಳ ಮೇಲೆ ಕೂರಿಸಿದ್ದರು. ಕಿರಿಯರು ಮಲ್ಲಿಗೆ ಹಾಕಿದ ನೀರಿನ ಬಟ್ಟಲು ಹಿಡಿದು ಒಬ್ಬೊಬ್ಬರ ಮುಂದೆ ಮಂಡಿಯೂರಿ, ಕೈಮೇಲೆ ನೀರು ಸುರಿದು ಕ್ಷಮೆ ಕೇಳುತ್ತ ಸಾಗಬೇಕು. ಉದೋಮ್ ಅದಕ್ಕೆಂದೇ ಬಂದಿದ್ದ. ಕ್ಷಮೆ ಕೇಳಲು ಕಾಯಂ ಮಾತೊಂದು ಇದೆ, ಅದನ್ನು ಎಲ್ಲರೂ ಹೇಳುತ್ತಾರೆ, ಯಾರೂ ಯಾಕೆ ಎಂದು ಕೇಳುವುದಿಲ್ಲ. ಆ ಗುಂಪಿನಲ್ಲಿ ತನ್ನದೂ ತೊಳೆದುಹೋಗಲಿ ಎಂಬ ಲೆಕ್ಕಾಚಾರ. ಕಳ್ಳನಿಗೊಂದು ಪಿಳ್ಳೆನೆವ.

ಸಮ್ರಿತನ ಕೊರಳಲ್ಲಿ ಚೀಟಿ ನಿಜಕ್ಕೂ ಇತ್ತು, ಪ್ಲಾಸ್ಟಿಕ್ ಹೊದಿಕೆಯೊಳಗೆ. ಉದೋಮ್ ಅದನ್ನು ನೋಡದೆ ನೀರು ಸುರಿದು ಗೊಣಗಿದ: "ಕಾಯಾ ವಾಚಾ ಮನಸಾ, ಗೊತ್ತಿದ್ದೋ ಗೊತ್ತಿಲ್ಲದೆಯೋ ಮಾಡಿದ ತಪ್ಪನ್ನೆಲ್ಲ ಕ್ಷಮಿಸಿ."

"ಎಲ್ಲ ಕ್ಷಮಿಸಿದೀನಪ್ಪ. ನಿನ್ನ ಅಂಗಡಿ ಬೆಳೀಲಿ" ಎಂದು ಮುದುಕ ಒದ್ದೆ ಕೈಯಲ್ಲಿ ಅವನ ತಲೆ ಸವರಿದ. ಮತ್ತೆ ಮುಖವನ್ನೇ ದಿಟ್ಟಿಸಿ, ಹೆದರಿದ ದನಿಯಲ್ಲಿ ಕೇಳಿದ: "ನೀನು ಉದೋಮ್ ತಾನೆ? ಸರಿಯಾಗಿ ಹೇಳಿದ್ನಾ?"

ಉದೋಮ್ ಏಳಲಾರದೆ ಹೋದ. ಹಿಂದೆ ಸಾಲು ನಿಂತಿತ್ತು.

"ದೊಡ್ಡಪ್ಪ, ಅದು ನೀವು ಮಾಡಿದ್ದಲ್ಲ" ಎಂದ.

"ಏನು? ಈ ಮೈಕಿನ ಗಲಾಟೇಲಿ ಕೇಳ್ತಿಲ್ಲ. ಜೋರಾಗಿ ಹೇಳು."

"ಬುಪ್ಪಾ ಅಕ್ಕನ ಗಾಡಿ ವೈರಿಂಗು! ನೀವು ಮಾಡಿದ್ದಲ್ಲ! ನಾನು ಮಾಡಿದ್ದು! ಹಿಂದೆ ಯಾವಾಗ್ಲೋ ನಾನೇ ಮಾಡಿದ್ದು!" ಅರಚಿದ ಅವನು. ಸಾಲಿನವರೆಲ್ಲ ತಿರುಗಿ ನೋಡಿದರು. ಅವನ ಹಿಂದೆಯೇ ಬಟ್ಟಲು ಹಿಡಿದು ನಿಂತಿದ್ದವಳು ಬುಪ್ಪಾ.

ಸಮ್ರಿತನ ಮುಖ ಅರಳಿತು. ಪಕ್ಕದ ಕುರ್ಚಿಯಲ್ಲಿದ್ದ ಹೆಂಡತಿಯ ತೋಳು ಹಿಡಿದು ಅಲ್ಲಾಡಿಸಿದ.

"ಕೇಳಿಸ್ಕೊಂಡ್ಯೇನೇ? ನಾನಲ್ವಂತೆ! ನಾನು ಹೇಳಿರ್ಲಿಲ್ವಾ, ಮುಟ್ಟಿದ್ದು ನೆನಪಿಲ್ಲ ಅಂತ? ಮುಟ್ಟಿದ್ರೆ ತಾನೆ ನೆನಪಿರೋದು! ನಂಗೇನೂ ಆಗಿಲ್ಲ ಕಣೇ, ನನ್ನ ತಲೆ ನೆಟ್ಟಗಿದೆ!" ಕಣ್ಣಲ್ಲಿ ನೀರು ತುಂಬಿಕೊಂಡು ನಗುತ್ತ ಚೀಟಿಯನ್ನು ಕೊರಳಿನಿಂದ ತೆಗೆದು ಅವಳ ಮಡಿಲಿಗೆ ಹಾಕಿದ. ಬೈದಿದ್ದರೆ ಉದೋಮ್ ತಡೆದುಕೊಳ್ಳುತ್ತಿದ್ದ. ಆ ಸಂತೋಷವನ್ನು ನೋಡಲು ಅವನಿಂದಾಗಲಿಲ್ಲ.

ನಗು ಮುಗಿಯುವ ಮೊದಲೇ ಮುದುಕನಿಗೆ ಏನೋ ಹೊಳೆಯಿತು.

"ನಿಂಗೆ ಯಾವಾಗ ಗೊತ್ತಾಯ್ತೋ?"

"ಅವತ್ತೇ" ಎಂದ ಉದೋಮ್ ನೆಲ ನೋಡುತ್ತ. "ಗಾಡಿ ಬಿಚ್ಚಿದ ದಿನಾನೇ."

"ನಾನು ನಿನ್ನ ಅಂಗಡಿಗೆ ಬಂದಾಗ?"

"ಗೊತ್ತಿತ್ತು."

ಸಮ್ರಿತ್ ಎರಡೂ ಕೈಗಳನ್ನು ಹಿಂದಕ್ಕೆ ಎಳೆದುಕೊಂಡು ಹೆಗಲ ಪಂಚೆಯಲ್ಲಿ ಒರೆಸಿಕೊಂಡ. ಒಂದೊಂದು ಬೆರಳನ್ನೂ ನಿಧಾನವಾಗಿ ಒರೆಸಿದ.

"ಕ್ಷಮಿಸಿದೀನಿ ಅಂತ ಆಗ್ಲೇ ಹೇಳ್ಬಿಟ್ಟೆ" ಎಂದ. "ನೀನು ಮೊದಲು ಮಾಡಿದ್ದನ್ನ ಹೇಳಿ, ಆಮೇಲೆ ಕ್ಷಮೆ ಕೇಳ್ಬೇಕಿತ್ತು." ಉದೋಮನ ತಲೆಯ ಮೇಲಿಂದ ಹಿಂದಕ್ಕೆ ನೋಡಿ, "ಬಾಮ್ಮ ಬುಪ್ಪಾ" ಎಂದು ಕರೆದ.