ಬೆರಳಿಗೆ ಅಲುಗಿದ ಮುಖ

ಹರಪನಹಳ್ಳಿ ಬಸ್ ಸ್ಟ್ಯಾಂಡಿನ ಹಿಂದೆ ಬೈಕ್ ರಿಪೇರಿ ಮಾಡುವ ಮೌಲಾಸಾಬರ ಮಗಳು ನೂರೀನ ಊರಿನದೇ ಒಂದು ಸುದ್ದಿ ವೆಬ್‌ಸೈಟಿನಲ್ಲಿ ಕೆಲಸಕ್ಕಿದ್ದಳು. ಸುದ್ದಿ ಬರೆಯುವುದು ಅವಳ ಕೆಲಸವಲ್ಲ. ಬರೆದದ್ದು ಫೋನಿನ ಪರದೆಯ ಮೇಲೆ ಹೇಗೆ ಕಾಣಬೇಕು, ಅಕ್ಷರ ಎಷ್ಟು ದಪ್ಪ ಇರಬೇಕು, ಚಿತ್ರ ಎಲ್ಲಿ ಕೂರಬೇಕು ಎಂಬುದೆಲ್ಲ ಅವಳದು. ಬಿ.ಸಿ.ಎ. ಓದಿದ್ದು ಇದೇ ಊರಿನಲ್ಲಿ. ಕೆಲಸಕ್ಕೆ ಬಂದದ್ದನ್ನೆಲ್ಲ ಕಲಿತದ್ದು ಮಾತ್ರ ಮನೆಯ ಮಾಳಿಗೆಯ ಮೇಲೆ ಒಬ್ಬಳೇ ಕೂತು. ಬ್ರೌಸರುಗಳಲ್ಲಿ ಹೊಸದೇನು ಬಂದಿದೆ ಎಂದು ಹುಡುಕಿ ನೋಡಿ, ಬಂದ ದಿನವೇ ಮಾಡಿ ನೋಡದಿದ್ದರೆ ಅವಳಿಗೆ ಸಮಾಧಾನವಿರುತ್ತಿರಲಿಲ್ಲ.

ಹಾಗೆ ಸಿಕ್ಕಿದ ಸೌಲಭ್ಯಗಳಲ್ಲಿ ಒಂದು ಅವಳಿಗೆ ತುಂಬಾ ಇಷ್ಟವಾಯಿತು. ಪುಟವನ್ನು ಬೆರಳಿನಿಂದ ಮೇಲಕ್ಕೆ ತಳ್ಳಿದಂತೆಲ್ಲ ಚಿತ್ರವೂ ಬೆರಳಿನ ಜೊತೆಗೇ ಅಲುಗುವುದು. ಮೊದಲಾದರೆ ಅದಕ್ಕೆ ಉದ್ದುದ್ದ ಜಾವಾಸ್ಕ್ರಿಪ್ಟ್ ಕೋಡ್ ಬರೆಯಬೇಕಿತ್ತು, ಅಗ್ಗದ ಫೋನುಗಳು ಅದನ್ನು ತಾಳಲಾರದೆ ನಿಂತುಬಿಡುತ್ತಿದ್ದವು. ಈಗ ಪುಟದ ಅಂದಚೆಂದ ತೀರ್ಮಾನಿಸುವ ಸಿಎಸ್‌ಎಸ್‌ನಲ್ಲಿ ನಾಲ್ಕಾರು ಸಾಲು ಸಾಕು, ಉಳಿದದ್ದನ್ನು ಬ್ರೌಸರೇ ನೋಡಿಕೊಳ್ಳುತ್ತದೆ. ಹಡಗಲಿ ಮಲ್ಲಿಗೆಯ ಬಗ್ಗೆ ಬಂದ ಲೇಖನಕ್ಕೆ ಅವಳು ಅದನ್ನು ಹಾಕಿದಳು. ಓದುತ್ತಾ ಹೋದಂತೆ ಮೊಗ್ಗು ಅರಳುತ್ತಿತ್ತು. ಹಿಂದಕ್ಕೆ ಬಂದರೆ ಮುಚ್ಚಿಕೊಳ್ಳುತ್ತಿತ್ತು. ಮೌಲಾಸಾಬರು ಕೈಯ ಗ್ರೀಸ್ ಒರೆಸಿಕೊಂಡು ಬಂದ ಗಿರಾಕಿಗಳಿಗೆಲ್ಲ ತೋರಿಸಿದರು.

ವೆಬ್‌ಸೈಟಿನ ಮಾಲೀಕ ಭೀಮರಾಜನಿಗೂ ಅದು ಹಿಡಿಸಿತು. "ಇದನ್ನ ನಾನೂ ಹಾಕಂಗ ಮಾಡಿಕೊಡವ್ವ. ಎಲ್ಲಾದಕ್ಕೂ ನಿನ್ನ ಕಾಯ್ಕಂತ ಕುಂದ್ರಾಕ ಆಗತೈತೇನು?" ಎಂದ. ಫೋಟೊ ಏರಿಸುವ ಜಾಗದಲ್ಲಿ ಅವಳು ಒಂದು ಬಟನ್ ಇಟ್ಟುಕೊಟ್ಟಳು. ಒತ್ತಿದರೆ ಯಾವ ಫೋಟೊ ಆದರೂ ಬೆರಳಿನ ಜೊತೆ ದೊಡ್ಡದಾಗುತ್ತಾ ಮುಂದಕ್ಕೆ ಬರುತ್ತಿತ್ತು.

ಮೆಕ್ಕೆಜೋಳ ಮುರಿಯುವ ಕಾಲ. ಕೂಲಿ ಹೆಂಗಸರನ್ನು ತುಂಬಿಕೊಂಡು ಹೊರಟ ಲಗೇಜ್ ಆಟೊ ಒಂದು ಮುಂಜಾನೆ ತಿರುವಿನಲ್ಲಿ ಮಗುಚಿತು. ಉಜ್ಜಿನಿ ಕಡೆಯ ಹಳ್ಳಿಯ ಭರಮಮ್ಮ ಎಂಬಾಕೆ ಅಲ್ಲೇ ತೀರಿಕೊಂಡಳು.

ಅಂದು ಮಧ್ಯಾಹ್ನ ನೂರೀನ ಆಫೀಸಿಗೆ ಬಂದಾಗ ಭೀಮರಾಜ ಮಂಡಕ್ಕಿ ಮಿರ್ಚಿ ತಿನ್ನುತ್ತಿದ್ದ. "ಬಾ, ಬಾ. ನಿನ್ನ ಕೆಲಸ ಹೆಂಗ ಓಡಾಕತ್ತೈತಿ ನೋಡು" ಎಂದು ಫೋನನ್ನು ಅವಳತ್ತ ತಿರುಗಿಸಿದ.

ರಸ್ತೆಯ ಮೇಲೆ ಬಿದ್ದಿದ್ದ ಭರಮಮ್ಮನ ಫೋಟೊ. ಅರ್ಧ ತೆರೆದ ಕಣ್ಣು, ಕೆನ್ನೆಗೆ ಮೆತ್ತಿದ ರಕ್ತ, ಮಣ್ಣು. ಮಸುಕು ಕೂಡ ಮಾಡಿರಲಿಲ್ಲ. ಎಣ್ಣೆ ಹತ್ತಿದ ಹೆಬ್ಬೆರಳಿನಿಂದ ಅವನು ಪರದೆಯನ್ನು ಮೇಲಕ್ಕೆ ತಳ್ಳಿದ. ಸತ್ತವಳ ಮುಖ ಮುಂದೆ ಬಂತು. ಕೆಳಕ್ಕೆಳೆದ, ಹಿಂದೆ ಹೋಯಿತು. ಮತ್ತೆ ತಳ್ಳಿದ. ಗಾಜಿನ ಮೇಲೆ, ಆ ಮುಖದ ಮೇಲೆ, ಎಣ್ಣೆಯ ಗೆರೆ ಮೂಡಿತು. ಬಾಯಲ್ಲಿದ್ದುದನ್ನು ಅಗಿಯುತ್ತಲೇ, "ಮುಂಜಾನಿಂದ ಜನ ಬಿಡದಂಗ ನೋಡಾಕತ್ಯಾರ" ಎಂದ.

ನೂರೀನ ಪರದೆಯ ಮೇಲೆ ಅಂಗೈ ಇಟ್ಟು ಮುಚ್ಚಿದಳು. "ಸರ್, ಅದು ಹೆಣ ರೀ. ತೆಗೀರಿ ಅದನ್ನ."

"ಹೆಣ ಅಂತ ನನಗೂ ಗೊತ್ತೈತಿ. ಅದಕ್ಕ ಸುದ್ದಿ ಅದು."

ಅಷ್ಟರಲ್ಲಿ ಆಫೀಸಿನ ಫೋನು ರಿಂಗಾಯಿತು. ನೂರೀನ ಎತ್ತಿದಳು. ಆ ಕಡೆ ಭರಮಮ್ಮನ ಮಗಳು ಶಿವಲೀಲಾ. ಅತ್ತು ಅತ್ತು ದನಿ ಕಟ್ಟಿತ್ತು.

"ಅಕ್ಕಾರ, ನಮ್ಮವ್ವನ ಫೋಟೋ ಯಾಕ್ರಿ ಹಂಗ ಅಲ್ಲಾಡತೈತಿ? ನಮ್ಮಜ್ಜಿ ನೋಡಿಬಿಟ್ಟಾಳ್ರಿ. ಭರಮಿ ಎದ್ದು ಬರಾಕತ್ಯಾಳ, ಇನ್ನೂ ಜೀವ ಐತಿ, ದವಾಖಾನಿಗೆ ನಡೀರಿ ಅಂತ ಹಟ ಹಿಡದಾಳ್ರಿ."

ನೂರೀನ ಇದನ್ನು ಹೇಳಿದಾಗ ಭೀಮರಾಜ ನಕ್ಕ. "ಅಂದ್ರ ಅಷ್ಟು ಚಲೋ ಬಂದೈತಿ ಅಂದಂಗಾತು."

ನೂರೀನ ಕಂಪ್ಯೂಟರಿನ ಮುಂದೆ ಕೂತು ಫೋಟೊ ಅಲುಗಿಸುವ ಆ ಸಾಲುಗಳನ್ನೂ ಬಟನ್ನನ್ನೂ ಅಳಿಸಿದಳು. ಫೋಟೊವನ್ನೂ ತೆಗೆಯಲು ಹೋದಾಗ ಭೀಮರಾಜ ಎದ್ದು ಬಂದು ಕೀಬೋರ್ಡನ್ನು ಕಸಿದುಕೊಂಡ.

"ಇದು ನನ್ನ ಸೈಟು! ನಿನಗ ಪಗಾರ ಕೊಡಾಂವ ನಾನು!"

"ನಿಮ್ಮ ಪಗಾರಾನೂ ಬ್ಯಾಡ, ನಿಮ್ಮ ಗಾಳೀನೂ ಬ್ಯಾಡ್ರಿ" ಎಂದು ಚೀಲ ಎತ್ತಿಕೊಂಡು ಹೊರಬಂದಳು. ಮನೆಯಲ್ಲಿ ಅಮ್ಮ ಜುಬೇದಾ ಬೀ ಇಟ್ಟ ಊಟದ ತಟ್ಟೆಯನ್ನು ಹಿಂದಕ್ಕೆ ಸರಿಸಿದಳು. ಒಗ್ಗರಣೆಯ ಎಣ್ಣೆಯ ವಾಸನೆ ಭೀಮರಾಜನ ಹೆಬ್ಬೆರಳನ್ನೇ ನೆನಪಿಸುತ್ತಿತ್ತು.

ಮರುದಿನ ಉಜ್ಜಿನಿಯ ಬಸ್ಸು ಹತ್ತಿದಳು. ಹೋಗಿ ಏನು ಹೇಳಬೇಕೆಂಬುದು ಅವಳಿಗೇ ತಿಳಿದಿರಲಿಲ್ಲ. ಕೇಳಿಕೊಂಡು ಕೇಳಿಕೊಂಡು ಭರಮಮ್ಮನ ಮನೆ ಮುಟ್ಟಿ, ಬಾಗಿಲಲ್ಲಿದ್ದ ಶಿವಲೀಲಾಳಿಗೆ ತಾನು ಯಾರೆಂದು ಹೇಳಿ ಒಳಬಂದಾಗ, ಪಡಸಾಲೆಯಲ್ಲಿ ಭರಮಮ್ಮನ ತಾಯಿ ತಿಪ್ಪೇರುದ್ರಮ್ಮ ಮೊಮ್ಮಗಳ ಫೋನು ಹಿಡಿದು ಕೂತಿದ್ದಳು. ಗಾಜನ್ನು ಬೆರಳಿನಿಂದ ಮೇಲಕ್ಕೆ ತಳ್ಳುತ್ತಿದ್ದಳು. ಪುಟ ಸರಿಯುತ್ತಿತ್ತು, ಫೋಟೊ ದೊಡ್ಡದಾಗುತ್ತಿರಲಿಲ್ಲ.

"ನಿನ್ನಿ ಬರ್ತಿದ್ಳು. ಇವತ್ತು ಯಾಕ ಬರವಲ್ಲಳು?" ಎಂದು ಎದುರಿಗೆ ಬಂದವಳನ್ನೇ ಕೇಳಿದಳು.

"ಅಜ್ಜಿ, ಇವರು ಆ ಫೋಟೋ ಹಾಕಿದ ಆಫೀಸಿನಾರು" ಎಂದಳು ಶಿವಲೀಲಾ, ಕಹಿಯಾಗಿ.

ಮುದುಕಿ ನೂರೀನಳ ಕೈ ಹಿಡಿದುಕೊಂಡಳು. "ಹಂಗಾರ ಆಕಿನ್ನ ನೀನ ಕರಿಯವ್ವ. ನಿನ್ನಿ ನೀವ ಕರಸಿದ್ರಲ್ಲ."

ನೂರೀನ ಅವಳ ಮುಂದೆ ಕುಕ್ಕರುಗಾಲಲ್ಲಿ ಕೂತಳು. "ಅಜ್ಜಿ, ನಿನ್ನೀನೂ ಆಕಿ ಬಂದಿದ್ದಿಲ್ಲ. ಅದು ಬರೇ ಫೋಟೋ. ಬೆರಳು ಆಡಿಸಿದ್ರ ಅಲ್ಲಾಡೂವಂಗ ನಾನ ಮಾಡಿದ್ದು. ಹೂವು ತೋರ್ಸಾಕ ಅಂತ ಮಾಡಿದ್ದೆ."

ತಿಪ್ಪೇರುದ್ರಮ್ಮ ಹಿಡಿದ ಕೈ ಬಿಟ್ಟಳು.

"ಹೆಣಾನ ಅಲ್ಲಾಡಸ್ತಾರೇನವ್ವ ಯಾರಾರ?"

ದನಿಯಲ್ಲಿ ಸಿಟ್ಟಿರಲಿಲ್ಲ. ಗೊತ್ತಿಲ್ಲದ್ದನ್ನು ಕೇಳಿದಂತಿತ್ತು. ಆಮೇಲೆ ಮುದುಕಿ ಸೆರಗು ಬಾಯಿಗೆ ಒತ್ತಿಕೊಂಡು ಅತ್ತಳು. ಸುದ್ದಿ ಬಂದಾಗಿನಿಂದ ಅವಳು ಅತ್ತಿರಲೇ ಇಲ್ಲ ಎಂದು ಶಿವಲೀಲಾ ಹೇಳಿದಳು.

ಹಳ್ಳಿಯ ಹಿರಿಯರು ನಾಲ್ಕು ಜನ ಹರಪನಹಳ್ಳಿಗೆ ಹೋಗಿ ಪೊಲೀಸರ ಹೆಸರು ಹೇಳಿ ಬೆದರಿಸಿದ ಮೇಲೆ ಭೀಮರಾಜ ಫೋಟೊ ತೆಗೆದ. ಒಂದು ಕ್ಷಮೆಯ ಮಾತಿಲ್ಲ. ಆ ಜಾಗದಲ್ಲಿ, "ತಾಂತ್ರಿಕ ಕಾರಣಗಳಿಂದ ಚಿತ್ರ ತೆಗೆಯಲಾಗಿದೆ" ಎಂದು ಬರೆದ.

ನೂರೀನ ಈಗ ದಾವಣಗೆರೆಯ ಕಂಪನಿಯೊಂದಕ್ಕೆ ಮನೆಯಿಂದಲೇ ಕೆಲಸ ಮಾಡುತ್ತಾಳೆ. ಹೊಸ ಸೌಲಭ್ಯಗಳು ಬರುತ್ತಲೇ ಇವೆ. ಕಲಿಯುವುದನ್ನು ಅವಳು ಬಿಟ್ಟಿಲ್ಲ. ಆದರೆ ಯಾರಾದರೂ ಫೋಟೊ ಅಲುಗಬೇಕು ಎಂದರೆ, ಯಾರ ಫೋಟೊ, ಅವರನ್ನು ಕೇಳಿದ್ದೀರಾ ಎಂದು ಮೊದಲು ವಿಚಾರಿಸುತ್ತಾಳೆ. ಕೆಲವರು ನಗುತ್ತಾರೆ, ಕೆಲವರು ಬೇರೆಯವರ ಹತ್ತಿರ ಹೋಗುತ್ತಾರೆ.

ಹೋದ ವಾರ ಭೀಮರಾಜ ಏನೂ ಆಗಿಲ್ಲದವನಂತೆ ಫೋನ್ ಮಾಡಿದ. "ನೂರೀನ, ಆ ಬಟನ್ ಒಂದು ಹಾಕಿಕೊಟ್ಟು ಹೋಗವ್ವ. ಕೂಡ್ಲಿಗಿ ರೋಡಿನಾಗ ಇವತ್ತು ಇನ್ನೊಂದು ಆಗೈತಿ."

ಅವಳು ಕರೆ ಕತ್ತರಿಸಿ ಆ ನಂಬರನ್ನು ಬ್ಲಾಕ್ ಮಾಡಿದಳು. ಆದರೂ ಕಿವಿಗೆ ಏನೋ ಮೆತ್ತಿಕೊಂಡಂತಿತ್ತು. ಬಚ್ಚಲಿಗೆ ಹೋಗಿ ಕಿವಿ ತೊಳೆದುಕೊಂಡಳು.